ಹೆದ್ದಾರಿ ಗಾಳಿಯಂತ್ರ

ಹೆದ್ದಾರಿ ಗಾಳಿಯಂತ್ರ ಎಂದರೆ ವೇಗವಾಗಿ ಚಲಿಸುವ ಲಾರಿ, ಬಸ್ಸು, ಕಾರು ಮುಂತಾದ ವಾಹನಗಳು ಎಬ್ಬಿಸುವ ಗಾಳಿಯಿಂದ ತಿರುಗಿ ವಿದ್ಯುತ್ತನ್ನು ಉತ್ಪಾದಿಸುವ ಕಿರು ಗಾತ್ರದ ಯಂತ್ರ. ಇದನ್ನು ಸಾಮಾನ್ಯವಾಗಿ ರಸ್ತೆ ವಿಭಜಕದ ಮೇಲೆ ಅಥವಾ ರಸ್ತೆಯ ಅಂಚಿನಲ್ಲಿ ನಿಲ್ಲಿಸಲಾಗುತ್ತದೆ. ವಾಹನದ ಮೇಲೆಯೇ ಯಂತ್ರವನ್ನು ಕೂಡಿಸುವ ವಿನ್ಯಾಸಗಳೂ ಉಂಟು. ಎರಡೂ ಒಂದೇ ಬಗೆಯವೆಂದು ಮೇಲ್ನೋಟಕ್ಕೆ ತೋರಿದರೂ ಅವುಗಳ ಹಿಂದಿರುವ ಭೌತವಿಜ್ಞಾನ ಬೇರೆ ಬೇರೆ. ರಸ್ತೆಬದಿಯ ಯಂತ್ರವು ವಾಹನವು ಬಿಟ್ಟುಹೋದ ಗಾಳಿಯ ಶಕ್ತಿಯಲ್ಲಿ ಒಂದಂಶವನ್ನು ಹಿಡಿಯುತ್ತದೆ. ವಾಹನದ ಮೇಲಿನ ಯಂತ್ರವು ಆ ವಾಹನದ ಇಂಧನವನ್ನೇ ಸುತ್ತುದಾರಿಯಲ್ಲಿ ವಿದ್ಯುತ್ತಾಗಿ ಬದಲಾಯಿಸುತ್ತದೆ. ಎರಡನ್ನೂ 'ಉಚಿತ ವಿದ್ಯುತ್' ಎಂದು ಕರೆಯುವುದು ರೂಢಿಯಲ್ಲಿದೆ. ಎರಡನೆಯದರ ಮಟ್ಟಿಗೆ ಆ ಮಾತು ತಪ್ಪು. ಮೊದಲನೆಯದರ ಮಟ್ಟಿಗೆ ಭಾಗಶಃ ಮಾತ್ರ ಸರಿ.

ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅಲಗುಗಳು ಗುಡಿಸುವ ವಿಸ್ತೀರ್ಣವು 200 ಚದರ ಮೀಟರ್‌ಗಿಂತ ಕಡಿಮೆಯಿರುವ ಯಂತ್ರಗಳನ್ನು ಕಿರು ಗಾಳಿಯಂತ್ರಗಳೆಂದು ಪರಿಗಣಿಸಲಾಗುತ್ತದೆ. ಹೆದ್ದಾರಿ ಗಾಳಿಯಂತ್ರಗಳು ಅವುಗಳಲ್ಲಿಯೂ ಅತಿ ಚಿಕ್ಕವು. ಬಹುತೇಕ ಮಾದರಿಗಳ ವಿಸ್ತೀರ್ಣ ಕೆಲವೇ ಚದರ ಮೀಟರ್‌ಗಳಷ್ಟಿರುತ್ತದೆ.

ಇತಿಹಾಸ

ಹೆದ್ದಾರಿ ಗಾಳಿಯಂತ್ರಕ್ಕೆ ಬಳಸುವ ಎರಡು ಮುಖ್ಯ ವಿನ್ಯಾಸಗಳು ಹೆದ್ದಾರಿಗಳಿಗಾಗಿ ಹುಟ್ಟಿದವಲ್ಲ. ಫಿನ್ಲೆಂಡಿನ ಸಿಗುರ್ಡ್ ಸವೋನಿಯಸ್ 1920ರ ದಶಕದಲ್ಲಿ ಅರ್ಧ ಸೀಳಿದ ಪೀಪಾಯಿಯಂತಹ ಬಟ್ಟಲುಗಳುಳ್ಳ ಲಂಬಾಕ್ಷ ಯಂತ್ರವನ್ನು ರೂಪಿಸಿದನು. ಫ್ರಾನ್ಸಿನ ಜಾರ್ಜ್ ಡ್ಯಾರಿಯಸ್ ಬಾಗಿದ ತೆಳು ಅಲಗುಗಳ ಲಂಬಾಕ್ಷ ಯಂತ್ರಕ್ಕೆ 1931ರಲ್ಲಿ ಅಮೆರಿಕದ ಪೇಟೆಂಟ್ ಪಡೆದನು.

ಕರ್ನಾಟಕದಲ್ಲಿ ಲಂಬಾಕ್ಷ ಯಂತ್ರಗಳ ಬಗೆಗಿನ ಆಸಕ್ತಿ ಗ್ರಾಮೀಣ ನೀರಾವರಿಯ ಮೂಲಕ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಅವರು ಹಾಯಿಬಟ್ಟೆಯ ಸವೋನಿಯಸ್ ರೋಟರ್ ಬಳಸಿ ನೀರೆತ್ತುವ ಕಡಿಮೆ ವೆಚ್ಚದ ಗಾಳಿಯಂತ್ರವನ್ನು ಕುರಿತು 1979ರಲ್ಲಿ ಸಂಶೋಧನಾ ಲೇಖನ ಪ್ರಕಟಿಸಿದರು. ಅದು ವಾಹನಗಳ ಗಾಳಿಗಾಗಿ ಮಾಡಿದ್ದಲ್ಲ. ಆದರೂ ಅಗ್ಗದ ಸಾಮಗ್ರಿಯಿಂದ, ಮಂದಗಾಳಿಯಲ್ಲಿ, ಯಾವ ದಿಕ್ಕಿನ ಗಾಳಿಗೂ ತಿರುಗುವ ಯಂತ್ರವನ್ನು ಮಾಡುವುದು ಹೇಗೆ ಎಂಬ ಪ್ರಶ್ನೆ ಎರಡಕ್ಕೂ ಸಮಾನವಾದುದು.

ವಾಹನಗಳ ಗಾಳಿಯನ್ನೇ ಗುರಿಯಾಗಿಟ್ಟುಕೊಂಡ ವಿನ್ಯಾಸಗಳು 21ನೆಯ ಶತಮಾನದ ಮೊದಲ ದಶಕದಲ್ಲಿ ಪ್ರಚಾರ ಪಡೆದವು. 2006ರಲ್ಲಿ ಅಮೆರಿಕದ ಮಾರ್ಕ್ ಓಬರ್‌ಹೋಲ್ಟ್ಸರ್, ಹೆದ್ದಾರಿಯ ಎರಡು ದಿಕ್ಕುಗಳನ್ನು ಬೇರ್ಪಡಿಸುವ ತಡೆಗೋಡೆಯೊಳಗೆ ಡ್ಯಾರಿಯಸ್ ಯಂತ್ರಗಳನ್ನು ಸಾಲಾಗಿ ಕೂಡಿಸುವ ವಿನ್ಯಾಸವನ್ನು ಮುಂದಿಟ್ಟನು. ಮುಂದೆ ತುರ್ಕಿಯ ಇಸ್ತಾಂಬುಲ್ ನಗರದಲ್ಲಿ ಬಸ್ಸುಗಳಿಗೆ ಮೀಸಲಾದ ಪಥದ ಪಕ್ಕದಲ್ಲಿ 'ಎನ್ಲಿಲ್' ಎಂಬ ಲಂಬಾಕ್ಷ ಯಂತ್ರವನ್ನು ಪರೀಕ್ಷಿಸಲಾಯಿತು. ಎನ್ಲಿಲ್ ಎಂಬುದು ಪ್ರಾಚೀನ ಸುಮೇರಿಯನ್ನರ ವಾಯುದೇವತೆಯ ಹೆಸರು. ಈ ಯಂತ್ರದ ತುದಿಯಲ್ಲಿ ಸೌರಫಲಕವನ್ನೂ ಅಳವಡಿಸಲಾಗಿತ್ತು.

ಗಾಳಿ ಏಳುವ ಬಗೆ

ವಾಹನವು ಚಲಿಸುವಾಗ ತನ್ನ ಮುಂದಿರುವ ಗಾಳಿಯನ್ನು ಪಕ್ಕಕ್ಕೂ ಮೇಲಕ್ಕೂ ತಳ್ಳುತ್ತದೆ. ವಾಹನ ಮುಂದೆ ಸಾಗಿದ ಬಳಿಕ ಅದರ ಹಿಂಬದಿಯಲ್ಲಿ ಕಡಿಮೆ ಒತ್ತಡದ ಜಾಗವುಂಟಾಗಿ, ಸುತ್ತಲಿನ ಗಾಳಿ ಒಳಕ್ಕೆ ನುಗ್ಗಿ ಸುಳಿಗಳಾಗಿ ವಾಹನದ ಬೆನ್ನು ಹಿಡಿಯುತ್ತದೆ. ಆದ್ದರಿಂದ ರಸ್ತೆಯ ಅಂಚಿನಲ್ಲಿ ನಿಂತವರಿಗೆ ಮೊದಲು ಹೊರಕ್ಕೆ ತಳ್ಳುವ ಹೊಡೆತವೂ ಕೂಡಲೇ ವಾಹನದ ಕಡೆಗೆ ಸೆಳೆಯುವ ಗಾಳಿಯೂ ಅನುಭವಕ್ಕೆ ಬರುತ್ತವೆ. ಈ ಎಲ್ಲವೂ ಎರಡು ಮೂರು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ.

ಗಾಳಿಯ ಬಲವನ್ನು ನಿರ್ಧರಿಸುವ ಅಂಶಗಳು ಹೀಗಿವೆ:

- ವಾಹನದ ವೇಗ: ವೇಗ ಹೆಚ್ಚಿದಂತೆ ಗಾಳಿಯ ವೇಗವೂ ಹೆಚ್ಚುತ್ತದೆ.
- ವಾಹನದ ಆಕಾರ: ಚಪ್ಪಟೆ ಮುಖದ, ಎತ್ತರದ ಲಾರಿ ಅಥವಾ ಬಸ್ಸು ಎಬ್ಬಿಸುವ ಗಾಳಿ ಕಾರಿನದಕ್ಕಿಂತ ಬಹಳ ಹೆಚ್ಚು.
- ದೂರ: ವಾಹನದ ಮಗ್ಗುಲಿನಿಂದ ದೂರ ಸರಿದಂತೆ ಗಾಳಿ ತೀವ್ರವಾಗಿ ಕುಗ್ಗುತ್ತದೆ. ಒಂದೆರಡು ಮೀಟರ್‌ಗಳ ವ್ಯತ್ಯಾಸವೂ ಉತ್ಪಾದನೆಯನ್ನು ಬದಲಿಸುತ್ತದೆ.
- ಸುತ್ತಲಿನ ಸ್ಥಳ: ಸುರಂಗದಂತಹ ಇಕ್ಕಟ್ಟಾದ ಜಾಗದಲ್ಲಿ ಗಾಳಿ ಚದುರದೆ ಉಳಿಯುತ್ತದೆ, ಬಯಲಿನಲ್ಲಿ ಬೇಗನೆ ಚದುರುತ್ತದೆ.

ರಚನೆ

ಸಾಮಾನ್ಯ ಹೆದ್ದಾರಿ ಗಾಳಿಯಂತ್ರದಲ್ಲಿ ನೆಲಕ್ಕೆ ಲಂಬವಾಗಿ ನಿಂತ ಅಕ್ಷ, ಅದಕ್ಕೆ ಜೋಡಿಸಿದ ಅಲಗುಗಳು, ಬೇರಿಂಗ್‌ಗಳು, ಬುಡದಲ್ಲಿ ಶಾಶ್ವತ ಅಯಸ್ಕಾಂತಗಳುಳ್ಳ ಜನರೇಟರ್, ಏರಿಳಿಯುವ ವಿದ್ಯುತ್ತನ್ನು ಹದಗೊಳಿಸುವ ನಿಯಂತ್ರಕ ಮತ್ತು ಬ್ಯಾಟರಿ ಇರುತ್ತವೆ. ವಾಹನಗಳ ಗಾಳಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವುದರಿಂದ, ಗಾಳಿಯ ಕಡೆಗೆ ಮುಖ ತಿರುಗಿಸಬೇಕಾದ ಸಮತಲಾಕ್ಷ ಯಂತ್ರಗಳು ಇಲ್ಲಿ ಹೊಂದುವುದಿಲ್ಲ. ಲಂಬಾಕ್ಷ ಯಂತ್ರಗಳಿಗೆ ಆ ತೊಡಕಿಲ್ಲ.

ಸವೋನಿಯಸ್ ಮಾದರಿಯು ಮಂದಗಾಳಿಯಲ್ಲಿಯೂ ತಾನಾಗಿ ತಿರುಗಲು ಆರಂಭಿಸುತ್ತದೆ. ಆದರೆ ಗಾಳಿಯಲ್ಲಿರುವ ಶಕ್ತಿಯ ಶೇ. 15ರಿಂದ 20ರಷ್ಟನ್ನು ಮಾತ್ರ ಹಿಡಿಯುತ್ತದೆ. ಡ್ಯಾರಿಯಸ್ ಮಾದರಿಯು ಶೇ. 30ಕ್ಕೂ ಹೆಚ್ಚು ಹಿಡಿಯಬಲ್ಲದಾದರೂ ತಾನಾಗಿ ಆರಂಭವಾಗುವುದು ಕಷ್ಟ. ಹೀಗಾಗಿ ಎರಡನ್ನೂ ಒಂದೇ ಅಕ್ಷಕ್ಕೆ ಜೋಡಿಸಿದ ಮಿಶ್ರ ವಿನ್ಯಾಸಗಳೂ ಬಳಕೆಯಲ್ಲಿವೆ.

ರಸ್ತೆ ವಿಭಜಕದ ಮೇಲೆ ನಿಂತ ಯಂತ್ರಕ್ಕೆ ಒಂದು ವಿಶೇಷ ಅನುಕೂಲವಿದೆ. ಭಾರತದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ವಿಭಜಕದ ಎರಡು ಪಕ್ಕಗಳಲ್ಲಿ ಗಾಳಿ ವಿರುದ್ಧ ದಿಕ್ಕುಗಳಲ್ಲಿ ಬೀಸುತ್ತದೆ. ಈ ಎರಡೂ ಹೊಡೆತಗಳು ರೋಟರನ್ನು ಒಂದೇ ಕಡೆಗೆ, ಎಂದರೆ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ತಿರುಗಿಸುತ್ತವೆ. ಬಲಬದಿಯಲ್ಲಿ ವಾಹನ ನಡೆಸುವ ದೇಶಗಳಲ್ಲಿ ಇದು ತಿರುವುಮುರುವಾಗುತ್ತದೆ.

ಶಕ್ತಿಯ ಲೆಕ್ಕಾಚಾರ

ಗಾಳಿಯಲ್ಲಿ ಅಡಗಿರುವ ಶಕ್ತಿಯ ದರವನ್ನು ಕೆಳಗಿನ ಸೂತ್ರದಿಂದ ಕಂಡುಹಿಡಿಯಬಹುದು:

ಸಾಮರ್ಥ್ಯ (ವ್ಯಾಟ್) = ½ × ಗಾಳಿಯ ಸಾಂದ್ರತೆ × ಅಲಗುಗಳು ಗುಡಿಸುವ ವಿಸ್ತೀರ್ಣ × ಗಾಳಿಯ ವೇಗದ ಘನ

ಸೂತ್ರದಲ್ಲಿ ವೇಗದ ಘನವಿರುವುದು ಬಹು ಮುಖ್ಯ. ಗಾಳಿಯ ವೇಗ ಇಮ್ಮಡಿಯಾದರೆ ಶಕ್ತಿ ಎಂಟುಮಡಿಯಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಲ್ಲದೆ, ಎಷ್ಟೇ ಉತ್ತಮ ಯಂತ್ರವಾದರೂ ಗಾಳಿಯ ಶಕ್ತಿಯ ಶೇ. 59.3ಕ್ಕಿಂತ ಹೆಚ್ಚನ್ನು ಹಿಡಿಯಲಾರದು. ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲಿ ನಿರೂಪಿಸಿದ ಈ ಮಿತಿಯನ್ನು ಬೆಟ್ಜ್ ಮಿತಿ ಎನ್ನುತ್ತಾರೆ.

ಸಮುದ್ರಮಟ್ಟದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರ್‌ಗೆ 1.225 ಕಿಲೋಗ್ರಾಂ. 600 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ, ಬಿಸಿಲು ಹೆಚ್ಚಿರುವ ಹುಮನಾಬಾದ್‌ನಂತಹ ಊರಿನಲ್ಲಿ ಅದು ಸುಮಾರು 1.1ರಷ್ಟಿರುತ್ತದೆ. ಈ ಸಾಂದ್ರತೆಯಲ್ಲಿ 1 ಚದರ ಮೀಟರ್ ವಿಸ್ತೀರ್ಣದ ಮೂಲಕ ಹಾಯುವ ಗಾಳಿಯ ಸಾಮರ್ಥ್ಯ ಹೀಗಿದೆ:

- ಸೆಕೆಂಡಿಗೆ 3 ಮೀಟರ್ ವೇಗ: ಸುಮಾರು 15 ವ್ಯಾಟ್
- ಸೆಕೆಂಡಿಗೆ 4 ಮೀಟರ್ ವೇಗ: ಸುಮಾರು 35 ವ್ಯಾಟ್
- ಸೆಕೆಂಡಿಗೆ 5 ಮೀಟರ್ ವೇಗ: ಸುಮಾರು 69 ವ್ಯಾಟ್
- ಸೆಕೆಂಡಿಗೆ 6 ಮೀಟರ್ ವೇಗ: ಸುಮಾರು 119 ವ್ಯಾಟ್

ಹುಮನಾಬಾದ್ ಹೆದ್ದಾರಿಯ ನಿದರ್ಶನ

ಬೀದರ್ ಜಿಲ್ಲೆಯ ಹುಮನಾಬಾದ್ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಪಟ್ಟಣ. ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್, ವಿಜಯವಾಡಗಳ ಮೂಲಕ ಮಚಲೀಪಟ್ಟಣಕ್ಕೆ ಹೋಗುವ 65ನೆಯ ಹೆದ್ದಾರಿಯು ಪೂರ್ವ-ಪಶ್ಚಿಮವಾಗಿಯೂ, ಬೀದರ್‌ನಿಂದ ಕಲಬುರಗಿ, ವಿಜಯಪುರಗಳ ಮೂಲಕ ಚಿತ್ರದುರ್ಗದತ್ತ ಸಾಗುವ 50ನೆಯ ಹೆದ್ದಾರಿಯು ಉತ್ತರ-ದಕ್ಷಿಣವಾಗಿಯೂ ಇಲ್ಲಿ ಹಾಯುತ್ತವೆ. ಹಿಂದೆ 9ನೆಯ ಹೆದ್ದಾರಿಯೆನಿಸಿದ್ದ 65ನೆಯ ಹೆದ್ದಾರಿಯೇ ಸಸ್ತಾಪುರ ಬಂಗ್ಲಾದ ಬಳಿ ಬಸವಕಲ್ಯಾಣದ ದಾರಿಯನ್ನು ಕೂಡುತ್ತದೆ. ಮಹಾರಾಷ್ಟ್ರ ಮತ್ತು ತೆಲಂಗಾಣಗಳ ನಡುವೆ ಸರಕು ಸಾಗಿಸುವ ಭಾರೀ ಲಾರಿಗಳು ಹಗಲಿರುಳು ಓಡಾಡುವ ಈ ಚತುಷ್ಪಥ ರಸ್ತೆಯು ಹೆದ್ದಾರಿ ಗಾಳಿಯಂತ್ರದ ಸಾಧ್ಯತೆಯನ್ನು ಅಳೆದುನೋಡಲು ತಕ್ಕ ನಿದರ್ಶನವಾಗಿದೆ.

2018ರ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ವಿಭಜಕವುಳ್ಳ ಚತುಷ್ಪಥ ರಸ್ತೆಯಲ್ಲಿ ಸರಕು ವಾಹನಗಳ ಗರಿಷ್ಠ ವೇಗಮಿತಿ ಗಂಟೆಗೆ 80 ಕಿಲೋಮೀಟರ್, ಎಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಈ ವೇಗದ ಸಣ್ಣ ಅಂಶ ಮಾತ್ರ ರಸ್ತೆಬದಿಯ ಯಂತ್ರವನ್ನು ತಲುಪುತ್ತದೆ. ಲೆಕ್ಕದ ಸೌಲಭ್ಯಕ್ಕಾಗಿ ಹೀಗೆ ಭಾವಿಸಬಹುದು: ಯಂತ್ರದ ವಿಸ್ತೀರ್ಣ 1 ಚದರ ಮೀಟರ್, ಭಾರೀ ವಾಹನ ಹಾಯ್ದಾಗ ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ 3 ಸೆಕೆಂಡು ಬೀಸುತ್ತದೆ, ಗಂಟೆಗೆ ಅಂತಹ 200 ವಾಹನಗಳು ಹಾಯುತ್ತವೆ.

1. ಗಾಳಿಯ ಸಾಮರ್ಥ್ಯ ಸುಮಾರು 69 ವ್ಯಾಟ್. ಸವೋನಿಯಸ್ ಯಂತ್ರವು ಶೇ. 20ರಷ್ಟನ್ನು ಹಿಡಿದರೆ ಸುಮಾರು 14 ವ್ಯಾಟ್.
2. ಜನರೇಟರ್ ಮತ್ತು ನಿಯಂತ್ರಕಗಳಲ್ಲಿನ ನಷ್ಟ ಶೇ. 20 ಎಂದುಕೊಂಡರೆ ಉಳಿಯುವುದು ಸುಮಾರು 11 ವ್ಯಾಟ್.
3. 200 ವಾಹನಗಳಿಂದ ಗಂಟೆಗೆ 600 ಸೆಕೆಂಡು, ಎಂದರೆ ಆರನೆಯ ಒಂದು ಭಾಗದಷ್ಟು ಕಾಲ ಮಾತ್ರ ಗಾಳಿ ಲಭ್ಯ. ಆದ್ದರಿಂದ ಸರಾಸರಿ ಸಾಮರ್ಥ್ಯ 1.8 ವ್ಯಾಟ್.
4. 24 ಗಂಟೆಗಳಲ್ಲಿ ದೊರೆಯುವ ಒಟ್ಟು ವಿದ್ಯುತ್ತು ಸುಮಾರು 44 ವ್ಯಾಟ್-ಗಂಟೆ.

ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್ ಎಂದರೆ 1000 ವ್ಯಾಟ್-ಗಂಟೆ. ಮೇಲಿನ ಯಂತ್ರವು ಒಂದು ಯೂನಿಟ್ ಉತ್ಪಾದಿಸಲು 22–23 ದಿನ ಬೇಕು. ಇಡೀ ವರ್ಷಕ್ಕೆ ದೊರೆಯುವುದು 16 ಯೂನಿಟ್. 60 ವ್ಯಾಟಿನ ಒಂದು ಎಲ್‌ಇಡಿ ಬೀದಿದೀಪ ರಾತ್ರಿಯಲ್ಲಿ 12 ಗಂಟೆ ಉರಿಯಲು 720 ವ್ಯಾಟ್-ಗಂಟೆ ಬೇಕಾಗುವುದರಿಂದ, ಒಂದು ದೀಪಕ್ಕೆ ಇಂತಹ 16–17 ಯಂತ್ರಗಳು ಬೇಕಾಗುತ್ತವೆ.

ಇದೇ ಸ್ಥಳದಲ್ಲಿ 1 ಚದರ ಮೀಟರ್ ವಿಸ್ತೀರ್ಣದ, 200 ವ್ಯಾಟ್ ಸಾಮರ್ಥ್ಯದ ಸೌರಫಲಕವಿಟ್ಟರೆ, ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕಿನಲ್ಲಿ, ಶೇ. 25ರಷ್ಟು ನಷ್ಟವನ್ನು ಕಳೆದರೂ, 750 ವ್ಯಾಟ್-ಗಂಟೆ ದೊರೆಯುತ್ತದೆ. ಒಂದು ಬೀದಿದೀಪಕ್ಕೆ ಅಷ್ಟು ಸಾಕು. ಸೌರಫಲಕಕ್ಕೆ ತಿರುಗುವ ಭಾಗಗಳಿಲ್ಲ. ಆದ್ದರಿಂದ ನಿರ್ವಹಣೆಯೂ ಸುಲಭ. ಮೋಡ ಕವಿದ ಮಳೆಗಾಲದ ದಿನಗಳಲ್ಲಿ ಮಾತ್ರ ಈ ಹೋಲಿಕೆ ಸ್ವಲ್ಪಮಟ್ಟಿಗೆ ಗಾಳಿಯಂತ್ರದ ಕಡೆಗೆ ವಾಲುತ್ತದೆ. ಆದರೆ ಆ ದಿನಗಳಲ್ಲಿ ಯಂತ್ರವನ್ನು ತಿರುಗಿಸುವುದು ವಾಹನಗಳಿಗಿಂತ ಹೆಚ್ಚಾಗಿ ನೈಋತ್ಯ ಮುಂಗಾರಿನ ಸಹಜ ಗಾಳಿಯೇ ಆಗಿರುತ್ತದೆ.

ಸ್ಥಳದ ಆಯ್ಕೆಯೂ ಫಲಿತಾಂಶವನ್ನು ಬದಲಿಸುತ್ತದೆ. ಟೋಲ್ ನಾಕೆ, ಪಟ್ಟಣದೊಳಗಿನ ವೃತ್ತ, ರಸ್ತೆ ಉಬ್ಬುಗಳ ಬಳಿ ವಾಹನಗಳ ಸಂಖ್ಯೆ ಎಷ್ಟೇ ಇದ್ದರೂ ವೇಗ ಕಡಿಮೆಯಾದ್ದರಿಂದ ಉತ್ಪಾದನೆ ನಗಣ್ಯ. ವಾಹನ ಎಬ್ಬಿಸುವ ಗಾಳಿಯು ಅದರ ವೇಗಕ್ಕೆ ಅನುಗುಣವಾಗಿದೆಯೆಂದು ಭಾವಿಸಿದರೆ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗುವ ಕಬ್ಬಿನ ಟ್ರ್ಯಾಕ್ಟರಿನ ಗಾಳಿಯ ಸಾಮರ್ಥ್ಯವು ಅದೇ ಗಾತ್ರದ, 80 ಕಿಲೋಮೀಟರ್ ವೇಗದ ವಾಹನದ ಗಾಳಿಯ ಸಾಮರ್ಥ್ಯದಲ್ಲಿ 64ನೆಯ ಒಂದು ಭಾಗ ಮಾತ್ರ.

ವಾಹನದ ಮೇಲಿನ ಗಾಳಿಯಂತ್ರ

ಕಾರಿನ ಛಾವಣಿಯ ಮೇಲೆ ಅಥವಾ ಮುಂಭಾಗದಲ್ಲಿ ಚಿಕ್ಕ ಗಾಳಿಯಂತ್ರವಿಟ್ಟು ಬ್ಯಾಟರಿ ತುಂಬಿಕೊಳ್ಳಬಹುದೆಂಬ ಕಲ್ಪನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಇದರ ದೋಷವನ್ನು ಸೈಕಲ್ಲಿನ ಡೈನಮೊ ಮೂಲಕ ಸುಲಭವಾಗಿ ಗ್ರಹಿಸಬಹುದು. ಡೈನಮೊವನ್ನು ಚಕ್ರಕ್ಕೆ ತಾಗಿಸಿದೊಡನೆ ದೀಪ ಉರಿಯುತ್ತದೆ. ಪೆಡಲ್ ತುಳಿಯುವುದೂ ಭಾರವಾಗುತ್ತದೆ. ದೀಪದ ಬೆಳಕು ತುಳಿಯುವವನ ಕಾಲಿನಿಂದಲೇ ಬಂದುದು. ಹಾಗೆಯೇ ವಾಹನದ ಮೇಲಿನ ಗಾಳಿಯಂತ್ರವು ಗಾಳಿಯ ತಡೆಯನ್ನು ಹೆಚ್ಚಿಸುತ್ತದೆ. ಆ ಹೆಚ್ಚಿನ ತಡೆಯನ್ನು ಮೀರಲು ಎಂಜಿನ್ ಹೆಚ್ಚು ಇಂಧನ ಸುಡಬೇಕಾಗುತ್ತದೆ.

ಬೆಟ್ಜ್ ಮಿತಿಯಲ್ಲಿ ಕೆಲಸಮಾಡುವ ಆದರ್ಶ ಯಂತ್ರವನ್ನೇ ಊಹಿಸಿಕೊಂಡರೂ, ಅದರಿಂದ 100 ವ್ಯಾಟ್ ಪಡೆಯಲು ವಾಹನವು ಗಾಳಿಯ ತಡೆಯ ವಿರುದ್ಧ 150 ವ್ಯಾಟ್ ವ್ಯಯಿಸಬೇಕು. ಎಂಜಿನ್ನಿನ ದಕ್ಷತೆ ಶೇ. 25 ಆಗಿದ್ದರೆ ಅದಕ್ಕಾಗಿ 600 ವ್ಯಾಟಿನಷ್ಟು ಇಂಧನಶಕ್ತಿ ಸುಡುತ್ತದೆ. ನಿಜವಾದ ಯಂತ್ರದಲ್ಲಿ ನಷ್ಟ ಇದಕ್ಕಿಂತಲೂ ಹೆಚ್ಚು. ವಿದ್ಯುತ್ ವಾಹನಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಬ್ಯಾಟರಿಯಿಂದ ಹೊರಹೋಗುವುದು ಒಳಬರುವುದಕ್ಕಿಂತ ಯಾವಾಗಲೂ ಹೆಚ್ಚಿರುತ್ತದೆ. ಶಕ್ತಿಯ ಸಂರಕ್ಷಣಾ ನಿಯಮವನ್ನು ಮೀರುವ ಯಂತ್ರವಿಲ್ಲ.

ಇಂತಹ ಯಂತ್ರ ಪ್ರಯೋಜನಕ್ಕೆ ಬರುವ ಸಂದರ್ಭಗಳೂ ಇವೆ. ವಿಮಾನದ ಎಂಜಿನ್‌ಗಳು ನಿಂತುಹೋದಾಗ ಹೊರಕ್ಕೆ ಚಾಚಿಕೊಂಡು ತುರ್ತು ಶಕ್ತಿ ಒದಗಿಸುವ ಚಿಕ್ಕ ಗಾಳಿಯಂತ್ರವೊಂದಿದೆ. 1983ರ ಜುಲೈ 23ರಂದು ಕೆನಡಾದಲ್ಲಿ ಇಂಧನ ತೀರಿದ ಬೋಯಿಂಗ್ 767 ವಿಮಾನವು ಅದರ ನೆರವಿನಿಂದ ನಿಯಂತ್ರಣ ಉಳಿಸಿಕೊಂಡು ಗಿಮ್ಲಿ ಎಂಬಲ್ಲಿ ಇಳಿಯಿತು. ಅಲ್ಲಿಯೂ ಶಕ್ತಿ ಉಚಿತವಾಗಿ ಬರಲಿಲ್ಲ. ವಿಮಾನದ ಎತ್ತರ ಮತ್ತು ವೇಗಗಳಿಂದ ಬಂದಿತು. ವಾಹನಗಳಲ್ಲಿ ನಿಜವಾಗಿ ಮರಳಿ ಪಡೆಯಬಹುದಾದ ಶಕ್ತಿ ಬ್ರೇಕ್ ಹಾಕುವಾಗ ಶಾಖವಾಗಿ ಕಳೆದುಹೋಗುವಂಥದು. ವಿದ್ಯುತ್ ವಾಹನಗಳು ಅದರ ಒಂದು ಭಾಗವನ್ನು ಮೋಟರಿನ ಮೂಲಕವೇ ಬ್ಯಾಟರಿಗೆ ಮರಳಿಸುತ್ತವೆ.

ರಸ್ತೆಬದಿಯ ಯಂತ್ರದ ಶಕ್ತಿಯ ಮೂಲ

ರಸ್ತೆಬದಿಯ ಯಂತ್ರ ಹಿಡಿಯುವ ಶಕ್ತಿಯೂ ಮೂಲತಃ ವಾಹನದ ಡೀಸೆಲ್ ಅಥವಾ ಪೆಟ್ರೋಲಿನಿಂದಲೇ ಬಂದುದು. ವ್ಯತ್ಯಾಸವಿಷ್ಟೆ: ಆ ಶಕ್ತಿಯನ್ನು ವಾಹನವು ಈಗಾಗಲೇ ಗಾಳಿಗೆ ಬಿಟ್ಟುಕೊಟ್ಟಿದೆ. ಯಂತ್ರವಿಲ್ಲದಿದ್ದರೆ ಅದು ಸುಳಿಗಳಾಗಿ ಚದುರಿ ಶಾಖವಾಗುತ್ತಿತ್ತು. ಆದ್ದರಿಂದ ಸಾಕಷ್ಟು ದೂರದಲ್ಲಿ ನಿಂತ ಯಂತ್ರವು ವಾಹನಕ್ಕೆ ಹೊರೆಯಾಗುವುದಿಲ್ಲ. ಆದರೆ ಯಂತ್ರಗಳನ್ನು ಪಥಕ್ಕೆ ತೀರ ಹತ್ತಿರ, ದಟ್ಟವಾಗಿ ನಿಲ್ಲಿಸಿದರೆ ಸಾಲಾಗಿ ಸಾಗುವ ವಾಹನಗಳ ಜೊತೆಗೆ ಹರಿಯುವ ಗಾಳಿ ನಿಧಾನಗೊಂಡು ಹಿಂದಿನ ವಾಹನಗಳಿಗೆ ತಡೆ ಸ್ವಲ್ಪ ಹೆಚ್ಚಬಹುದು. ಸುರಂಗಗಳಲ್ಲಿ ಈ ಪರಿಣಾಮ ಇನ್ನೂ ಸ್ಪಷ್ಟ. ಅಲ್ಲಿ ಗಾಳಿ ಬಲವಾಗಿರುವುದು ನಿಜವಾದರೂ ಯಂತ್ರವು ಒಡ್ಡುವ ತಡೆಯು ರೈಲು ಅಥವಾ ವಾಹನಗಳ ಮೇಲೆಯೇ ಬೀಳುತ್ತದೆ.

ಮಿತಿಗಳು

- ಗಾಳಿ ಬಿಟ್ಟು ಬಿಟ್ಟು ಬರುವುದರಿಂದ ರೋಟರ್ ಪ್ರತಿ ಬಾರಿಯೂ ವೇಗ ಪಡೆಯಬೇಕು. ಹಗುರವಾದ ರೋಟರ್ ಬೇಗ ತಿರುಗಿ ಬೇಗ ನಿಲ್ಲುತ್ತದೆ. ಭಾರವಾದದ್ದು ತಡವಾಗಿ ತಿರುಗಲಾರಂಭಿಸುತ್ತದೆ.
- ಧೂಳು, ಮಳೆನೀರು, ನಿರಂತರ ಅದುರುವಿಕೆಗಳಿಂದ ಬೇರಿಂಗ್‌ಗಳು ಸವೆಯುತ್ತವೆ.
- ವಿಭಜಕದ ಮೇಲಿನ ಗಟ್ಟಿ ಕಂಬವು ಅಪಘಾತದ ಸಮಯದಲ್ಲಿ ಅಪಾಯಕಾರಿ. ಮುರಿದ ಅಲಗು ಪಥಕ್ಕೆ ಹಾರಿ ಬೀಳುವ ಸಂಭವವೂ ಇದೆ.
- ತಿರುಗುವ ಅಲಗುಗಳ ಹೊಳಪು ರಾತ್ರಿ ಚಾಲಕರ ಕಣ್ಣನ್ನು ಸೆಳೆಯಬಹುದು.
- ದುರಸ್ತಿಗಾಗಿ ಕೆಲಸಗಾರರು ವಾಹನಗಳ ನಡುವೆಯೇ ನಿಲ್ಲಬೇಕಾಗುತ್ತದೆ.
- ಯಂತ್ರದ ಬೆಲೆಯನ್ನು 16 ಯೂನಿಟಿನಂತಹ ವಾರ್ಷಿಕ ಉತ್ಪಾದನೆಯಿಂದ ಮರಳಿ ಪಡೆಯುವುದು ಅಸಾಧ್ಯಪ್ರಾಯ.

ಹೋಲಿಕೆಗಾಗಿ, ಕರ್ನಾಟಕ ವಿದ್ಯುತ್ ನಿಗಮವು ಗದಗ ಬಳಿಯ ಕಪ್ಪತಗುಡ್ಡದಲ್ಲಿ ಸ್ಥಾಪಿಸಿದ ಗಾಳಿ ವಿದ್ಯುತ್ ಕೇಂದ್ರದ ಸಾಮರ್ಥ್ಯ 4.555 ಮೆಗಾವ್ಯಾಟ್. ಅಲ್ಲಿನ ಒಂದೊಂದು ಯಂತ್ರದ ಸಾಮರ್ಥ್ಯ 225 ಅಥವಾ 230 ಕಿಲೋವ್ಯಾಟ್. ಇಂದಿನ ದೃಷ್ಟಿಯಲ್ಲಿ ಅವೂ ಚಿಕ್ಕವೇ. ಎತ್ತರದ ಗುಡ್ಡದಲ್ಲಿ ಎಡೆಬಿಡದೆ ಬೀಸುವ ಗಾಳಿಗೂ ರಸ್ತೆಬದಿಯ ಕ್ಷಣಿಕ ಗಾಳಿಗೂ ಇರುವ ಅಂತರವನ್ನು ಈ ಸಂಖ್ಯೆಗಳು ತೋರಿಸುತ್ತವೆ.

ಉಪಯೋಗಗಳು

ಒಂದೆರಡು ವ್ಯಾಟ್‌ಗಳು ಬೀದಿದೀಪಕ್ಕೆ ಸಾಲದಿದ್ದರೂ ನಿರುಪಯುಕ್ತವಲ್ಲ. ಅಪಾಯದ ತಿರುವಿನಲ್ಲಿ ಮಿನುಗುವ ಎಲ್‌ಇಡಿ ಎಚ್ಚರಿಕೆ ದೀಪ, ವಾಹನಗಳನ್ನು ಎಣಿಸುವ ಸಂವೇದಕ, ಉಷ್ಣತೆ ಮತ್ತು ತೇವಾಂಶ ಅಳೆಯುವ ಉಪಕರಣ ಮುಂತಾದವು ಅಷ್ಟರಲ್ಲಿಯೇ ನಡೆಯುತ್ತವೆ. ವಿದ್ಯುತ್ ತಂತಿ ಎಳೆಯುವುದು ದುಬಾರಿಯಾಗುವ, ಮರದ ನೆರಳಿನಿಂದಲೋ ಸೇತುವೆಯ ಕೆಳಗಿರುವುದರಿಂದಲೋ ಬಿಸಿಲು ಬೀಳದ ಜಾಗಗಳಲ್ಲಿ ಇಂತಹ ಯಂತ್ರಕ್ಕೆ ಸ್ಥಾನವಿದೆ. ಸೌರಫಲಕದ ಜೊತೆಗೆ ಪೂರಕವಾಗಿಯೂ ಇದನ್ನು ಬಳಸಬಹುದು.

ಶೈಕ್ಷಣಿಕ ಮಹತ್ವ

ಹೆದ್ದಾರಿ ಗಾಳಿಯಂತ್ರವು ವಿಜ್ಞಾನ ಮೇಳಗಳಲ್ಲಿಯೂ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಅಂತಿಮ ವರ್ಷದ ಯೋಜನೆಗಳಲ್ಲಿಯೂ ಜನಪ್ರಿಯ ವಿಷಯ. ಪ್ಲಾಸ್ಟಿಕ್ ಕೊಳವೆಯನ್ನು ಉದ್ದಕ್ಕೆ ಸೀಳಿ ಎರಡು ಬಟ್ಟಲು ಮಾಡಿ, ಹಳೆಯ ಮೋಟರನ್ನು ಜನರೇಟರಾಗಿ ಬಳಸಿ ಮಾದರಿ ತಯಾರಿಸಬಹುದು. ಮಾದರಿಯ ದೀಪ ಬೆಳಗಿದ ಮಾತ್ರಕ್ಕೆ ಯೋಜನೆ ಸಫಲವೆಂದು ತಿಳಿಯುವುದು ಸರಿಯಲ್ಲ. ಅಳತೆಯ ಸಮಯದಲ್ಲಿ ಗಮನಿಸಬೇಕಾದ ಅಂಶಗಳು ಇವು:

- ಸಹಜ ಗಾಳಿಯನ್ನು ಬೇರ್ಪಡಿಸುವುದು: ವಾಹನಗಳಿಲ್ಲದ ವೇಳೆಯಲ್ಲಿಯೂ, ರಸ್ತೆಯಿಂದ ದೂರದಲ್ಲಿಯೂ ಅಳತೆ ಮಾಡಿ ವ್ಯತ್ಯಾಸವನ್ನು ಕಂಡುಕೊಳ್ಳಬೇಕು. ಇಲ್ಲವಾದರೆ ಬಯಲುಗಾಳಿಯ ಫಲವನ್ನು ವಾಹನಗಳ ಫಲವೆಂದು ಭ್ರಮಿಸುವಂತಾಗುತ್ತದೆ.
- ಸರಾಸರಿ ವೇಗವನ್ನಷ್ಟೇ ನೆಚ್ಚದಿರುವುದು: ಒಂದು ಗಂಟೆಯಿಡೀ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿಗಿಂತ, ಅರ್ಧ ಗಂಟೆ 6 ಮೀಟರ್ ವೇಗದಲ್ಲಿ ಬೀಸಿ ಉಳಿದರ್ಧ ಗಂಟೆ ನಿಂತುಹೋಗುವ ಗಾಳಿಯಲ್ಲಿ ನಾಲ್ಕು ಪಟ್ಟು ಶಕ್ತಿಯಿದೆ. ಸರಾಸರಿ ವೇಗ ಮಾತ್ರ ಎರಡರಲ್ಲೂ ಒಂದೇ.
- ವ್ಯಾಟ್ ಮತ್ತು ವ್ಯಾಟ್-ಗಂಟೆಗಳ ಭೇದ: ವ್ಯಾಟ್ ಎಂಬುದು ದರ, ವ್ಯಾಟ್-ಗಂಟೆ ಎಂಬುದು ಮೊತ್ತ. 'ಗಂಟೆಗೆ 1 ಕಿಲೋವ್ಯಾಟ್' ಎಂಬ ಪ್ರಯೋಗ ಎನ್ಲಿಲ್ ಕುರಿತ ವರದಿಗಳಲ್ಲಿಯೂ ಕಾಣಿಸಿಕೊಂಡಿತ್ತು. ಅದು ಒಂದು ಗಂಟೆಯ ಉತ್ಪಾದನೆಯೋ ಯಂತ್ರದ ಗರಿಷ್ಠ ಸಾಮರ್ಥ್ಯವೋ ಎಂಬುದು ಅದರಿಂದ ತಿಳಿಯುವುದಿಲ್ಲ.
- ವೋಲ್ಟೇಜ್ ಮಾತ್ರ ಅಳೆಯದಿರುವುದು: ದೀಪ ಅಥವಾ ಬ್ಯಾಟರಿಯನ್ನು ಜೋಡಿಸಿದಾಗಿನ ವೋಲ್ಟೇಜ್ ಮತ್ತು ಪ್ರವಾಹಗಳನ್ನು ಗುಣಿಸಿದಾಗಲೇ ಸಾಮರ್ಥ್ಯ ತಿಳಿಯುತ್ತದೆ.

ದಿನಕ್ಕೆ ದೊರೆತ ವ್ಯಾಟ್-ಗಂಟೆಗಳನ್ನು ಅದೇ ಸ್ಥಳದ, ಅದೇ ವಿಸ್ತೀರ್ಣದ ಸೌರಫಲಕದ ಉತ್ಪಾದನೆಯೊಂದಿಗೆ ಹೋಲಿಸಿ ದಾಖಲಿಸಿದರೆ ಯೋಜನೆ ಪೂರ್ಣವಾಗುತ್ತದೆ. ಉತ್ತರ ಚಿಕ್ಕ ಸಂಖ್ಯೆಯಾದರೂ ಅದು ಸರಿಯಾದ ಉತ್ತರವಾಗಿದ್ದರೆ, ಮುಂದೆ ಯಾವ ಊರಿನ ಯಾವ ರಸ್ತೆಗೆ ಯಾವ ಯಂತ್ರ ತಕ್ಕುದು ಎಂಬ ನಿರ್ಧಾರಕ್ಕೆ ಅದು ನೆರವಾಗುತ್ತದೆ.

ಇವನ್ನೂ ನೋಡಿ

- ಪವನ ಶಕ್ತಿ
- ಸೌರಶಕ್ತಿ
- ಶಕ್ತಿಯ ಸಂರಕ್ಷಣಾ ನಿಯಮ
- ಹುಮನಾಬಾದ್
- ಬಸವಕಲ್ಯಾಣ